ಗುಲಗಂಜಿ ತೂಕದ ಬಣ್ಣ

ತರೀಕೆರೆ ಸೀಮೆಯಲ್ಲಿ ಅಡಿಕೆ ಬೇಯಿಸುವ ಮನೆಯಲ್ಲಿ ಹುಟ್ಟಿದವರಿಗೆ ಬಣ್ಣದ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸುಲಿದ ಹಸಿ ಅಡಿಕೆ ಹಂಡೆಯಲ್ಲಿ ಬೇಯುವಾಗ ಕೆಂಪು ರಸ ಬಿಟ್ಟುಕೊಳ್ಳುತ್ತದೆ. ಅದೇ ನೀರಿನಲ್ಲಿ ಇನ್ನೊಂದು ಸರದಿ, ಮತ್ತೊಂದು ಸರದಿ ಬೆಂದಂತೆಲ್ಲ ರಸ ಮಂದವಾಗುತ್ತಾ ಹೋಗಿ ಚೊಗರಾಗುತ್ತದೆ. ಸುಣ್ಣ, ವೀಳ್ಯದೆಲೆ, ಯಾವುದಾದರೂ ಮರದ ತೊಗಟೆ, ಹೀಗೆ ಒಬ್ಬೊಬ್ಬರದು ಒಂದೊಂದು ಪಾಕ. ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಅಪ್ಪ ಒಂದು ಹಿಡಿ ಎತ್ತಿ ಬಿಸಿಲಿಗೆ ಹಿಡಿದು, "ಬಣ್ಣ ಕೂತಿದೆ" ಅಂದರೆ ಆ ವರ್ಷದ ಸಾಲ ತೀರುವ ಮಾತು. "ಬಣ್ಣ ಹತ್ತಿಲ್ಲ" ಅಂದರೆ ಮನೆಯಲ್ಲಿ ಎರಡು ದಿನ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಮಂಡಿಯಲ್ಲಿ ಅಡಿಕೆಯನ್ನು ಯಾರೂ ಮೊದಲು ಬಾಯಿಗೆ ಹಾಕಿ ನೋಡುವುದಿಲ್ಲ, ಕಣ್ಣಿನಲ್ಲಿ ನೋಡುತ್ತಾರೆ. ನಾಲಿಗೆಯ ಕೆಲಸವನ್ನು ಕಣ್ಣಿಗೆ ಒಪ್ಪಿಸಿ ನಮ್ಮ ಕಡೆಯವರಿಗೆ ಬಹಳ ಕಾಲವಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಗೋಬಿ ಗಾಡಿಯವರ ವಿಷಯ ಬರುತ್ತದೆ. ಬಣ್ಣ ಬಳಿಯುವುದನ್ನು ಅವರು ಕಂಡುಹಿಡಿದವರಲ್ಲ. ಇನ್ನೊಂದು ಮಾತನ್ನೂ ಇಲ್ಲೇ ಆಡಬೇಕು. ಚೊಗರು ಗಿಡಮೂಲದ್ದು, ಆದ್ದರಿಂದ ನಿರಪಾಯ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಅಡಿಕೆಯನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಎರಡು ದಶಕಗಳ ಹಿಂದೆಯೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯಿಂದ ಅನ್ನ ಕಂಡ ಮನೆಯ ಮಗನಾಗಿ ಇದನ್ನು ಬರೆಯುವುದು ಕಷ್ಟ. ಆದರೂ ಬಣ್ಣದ ಬಗ್ಗೆ ಬರೆಯಹೊರಟವನು "ಗಿಡದ್ದೆಲ್ಲ ಒಳ್ಳೆಯದು, ಕಾರ್ಖಾನೆಯದ್ದೆಲ್ಲ ವಿಷ" ಎಂದು ಶುರುಮಾಡಿದರೆ ಮೊದಲ ಹೆಜ್ಜೆಯೇ ತಪ್ಪಿದಂತೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವನು. ನಿವೃತ್ತನಾಗಿ ಕಡೂರಿನಲ್ಲಿ ನೆಲೆಸಿದ ಮೇಲೆ ಸಂಜೆ ಹೊತ್ತು ಬಸ್ ನಿಲ್ದಾಣದ ಕಡೆ ನಡೆದು ಹೋಗುವುದು ರೂಢಿ. ಆರು ಗಂಟೆಯಾಗುತ್ತಿದ್ದಂತೆ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಬಾಣಲೆಯ ಪಕ್ಕದ ತಟ್ಟೆಯಲ್ಲಿ ಅರ್ಧ ಕರಿದ ಹೂಕೋಸು ಗುಡ್ಡೆಯಾಗಿರುತ್ತದೆ. ಒಂದು ಕಾಲದಲ್ಲಿ ಆ ಗುಡ್ಡೆಯ ಬಣ್ಣ ರಸ್ತೆಯ ಆಚೆ ಬದಿಗೆ ಕಾಣುತ್ತಿತ್ತು. ಸೂರ್ಯ ಮುಳುಗಿದ ಮೇಲೂ ಅದು ಹೊಳೆಯುತ್ತಿತ್ತು ಅಂದರೆ ಉತ್ಪ್ರೇಕ್ಷೆಯಲ್ಲ. ಗಾಡಿಯವರಲ್ಲೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಇಷ್ಟೊಂದು ಕೆಂಪು ಯಾಕಪ್ಪಾ ಎಂದು ಒಮ್ಮೆ ಕೇಳಿದೆ. "ಮೈದಾಹಿಟ್ಟು, ಕಾರ್ನ್‌ಫ್ಲೋರು ಎರಡೂ ಬಿಳೀದು ಮೇಷ್ಟ್ರೇ. ಕಲರ್ ಹಾಕ್ದೇ ಕರಿದ್ರೆ ಬೋಂಡದ ಥರ ಕಾಣುತ್ತೆ. ಬೋಂಡಕ್ಕೆ ಗೋಬಿ ರೇಟು ಯಾರು ಕೊಡ್ತಾರೆ?" ಅಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ.

2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗಳಲ್ಲಿ ಕೃತಕ ಬಣ್ಣ ಬಳಸುವುದನ್ನು ರಾಜ್ಯದಾದ್ಯಂತ ನಿಷೇಧಿಸಿರುವುದಾಗಿ ಪ್ರಕಟಿಸಿದರು. ಗೋಬಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ, ಕಾಟನ್ ಕ್ಯಾಂಡಿಯ 25ರ ಪೈಕಿ 15ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಸಿನ್, ರೋಡಮಿನ್-ಬಿ ಎಂಬ ಹೆಸರುಗಳು ಆಗ ಪತ್ರಿಕೆಗಳಲ್ಲಿ ಬಂದವು. ತಮಿಳುನಾಡು, ಪುದುಚೇರಿಗಳು ಕಾಟನ್ ಕ್ಯಾಂಡಿಯನ್ನು ಅದರ ಹಿಂದಿನ ತಿಂಗಳೇ ನಿಷೇಧಿಸಿದ್ದವು. ಜೂನ್ ತಿಂಗಳಲ್ಲಿ ಕಬಾಬಿನ ಸರದಿ ಬಂತು. ಪರೀಕ್ಷಿಸಿದ 39 ಮಾದರಿಗಳಲ್ಲಿ ಎಂಟು ಅಸುರಕ್ಷಿತವೆಂದು ಕಂಡು, ಸಸ್ಯಾಹಾರಿ, ಕೋಳಿ, ಮೀನು ಯಾವ ಕಬಾಬಿಗೂ ಕೃತಕ ಬಣ್ಣ ಕೂಡದೆಂದು ಆದೇಶವಾಯಿತು.

ಊರಿನಲ್ಲಿ ಸುದ್ದಿ ಹರಡಿದ್ದು ಬೇರೆ ರೀತಿ. "ಗೋಬಿ ಬ್ಯಾನ್ ಆಯ್ತಂತೆ" ಎಂದರು ಕೆಲವರು. "ಗೋಬಿ ತಿಂದರೆ ಕ್ಯಾನ್ಸರ್ ಬರುತ್ತಂತೆ" ಎಂದರು ಹಲವರು. ಗೋಬಿಯನ್ನು ಯಾರೂ ನಿಷೇಧಿಸಿರಲಿಲ್ಲ, ಪಾಪ ಹೂಕೋಸು ಯಾರಿಗೂ ಏನೂ ಮಾಡಿರಲಿಲ್ಲ. ಇನ್ನೊಂದು ಗೊಂದಲವೂ ಇತ್ತು. ಆ ನಾಲ್ಕು ಹೆಸರುಗಳಲ್ಲಿ ಮೊದಲ ಮೂರು ನಮ್ಮ ದೇಶದ ಕಾನೂನು ಒಪ್ಪಿದ ಬಣ್ಣಗಳೇ. ನಾಲ್ಕನೆಯದು ಮಾತ್ರ ಯಾವ ತಿನಿಸಿಗೂ ಸಲ್ಲದ್ದು. ಒಪ್ಪಿದ ಬಣ್ಣವೂ ಒಪ್ಪದ ಬಣ್ಣವೂ ಒಂದೇ ಸಾಲಿನಲ್ಲಿ ನಿಂತಾಗ ಓದುಗ ಏನೆಂದು ತಿಳಿಯಬೇಕು?

ಇದನ್ನು ಬಿಡಿಸಿ ಹೇಳುವುದೇ ಈ ಬರಹದ ಕೆಲಸ. 2006ರ ಆಹಾರ ಸುರಕ್ಷತೆ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಗಳು ಎಂಟು ಸಂಶ್ಲೇಷಿತ ಬಣ್ಣಗಳನ್ನು ಒಪ್ಪಿದವು. ಕೆಂಪಿಗೆ ಪಾನ್ಸೊ 4ಆರ್, ಕಾರ್ಮೊಸಿನ್, ಎರಿತ್ರೋಸಿನ್. ಹಳದಿಗೆ ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೊ. ನೀಲಿಗೆ ಇಂಡಿಗೊ ಕಾರ್ಮೈನ್, ಬ್ರಿಲಿಯಂಟ್ ಬ್ಲೂ. ಹಸಿರಿಗೆ ಫಾಸ್ಟ್ ಗ್ರೀನ್. ಆದರೆ ಒಪ್ಪಿಗೆ ಎಂದರೆ ಎಲ್ಲದಕ್ಕೂ ಒಪ್ಪಿಗೆಯಲ್ಲ. ಐಸ್‌ಕ್ರೀಂ, ಬಿಸ್ಕತ್ತು, ಕೇಕು, ಪೆಪ್ಪರಮೆಂಟು, ಸಿಹಿತಿಂಡಿ, ಜೆಲ್ಲಿ, ಕಸ್ಟರ್ಡ್ ಪುಡಿ, ತಂಪು ಪಾನೀಯ ಮುಂತಾದ ಕೆಲವಕ್ಕೆ ಮಾತ್ರ. ಗೋಬಿಗೆ, ಕಬಾಬಿಗೆ, ಖಾರದಪುಡಿಗೆ, ಅರಿಸಿನಕ್ಕೆ, ಬೇಳೆಗೆ, ಟೀಪುಡಿಗೆ, ಬೆಲ್ಲಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಸನ್‌ಸೆಟ್ ಯೆಲ್ಲೊ ಜಿಲೇಬಿಯಲ್ಲಿದ್ದರೆ ನಿಯಮದೊಳಗೆ, ಅದೇ ಪುಡಿ ಪಕ್ಕದ ಗಾಡಿಯ ಕಬಾಬಿಗೆ ಬಿದ್ದರೆ ಅಪರಾಧ.

ಪಟ್ಟಿಯೊಳಗಿನ ತಿನಿಸಿಗೂ ಅಳತೆಯುಂಟು. ಬಹುತೇಕ ತಿನಿಸುಗಳಿಗೆ ಮಿತಿ, ಒಂದು ಕಿಲೋಗೆ 100 ಮಿಲಿಗ್ರಾಂ. ಮಿಲಿಗ್ರಾಂ ಎಂದರೆ ಎಷ್ಟೆಂದು ಕಣ್ಣಿಗೆ ಕಾಣದ ನಮ್ಮಂಥವರಿಗಾಗಿ ಬೇರೆ ರೀತಿ ಹೇಳುತ್ತೇನೆ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗಲು ಇಟ್ಟುಕೊಳ್ಳುತ್ತಿದ್ದ ಗುಲಗಂಜಿ ಕಾಳು ಸುಮಾರು 120 ಮಿಲಿಗ್ರಾಂ ತೂಗುತ್ತದೆ. ಅಂದರೆ ಒಂದು ಕಿಲೋ ಜಿಲೇಬಿಗೆ ಕಾನೂನು ಕೊಟ್ಟಿರುವ ಬಣ್ಣ, ಒಂದು ಗುಲಗಂಜಿ ತೂಕಕ್ಕಿಂತ ಕಡಿಮೆ.

ಈಗ ಚಿಟಿಕೆಯ ಮಾತು. ಬಣ್ಣವನ್ನು ತೂಗಿ ಹಾಕುವ ಅಡುಗೆಯವರನ್ನು ನಾನು ಈವರೆಗೆ ಕಂಡಿಲ್ಲ. ಮದುವೆ ಮನೆಯ ಬಾಣಸಿಗರಿಂದ ಹಿಡಿದು ನಮ್ಮ ಮನೆಯವಳವರೆಗೆ ಎಲ್ಲರದೂ ಚಿಟಿಕೆಯೇ. ಬೀರೂರಿನ ಅಕ್ಕಸಾಲಿ ಗೆಳೆಯನೊಬ್ಬನ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕೂತು, ಚಿನ್ನದ ತಕ್ಕಡಿಯ ಮೇಲೆ ಕೇಸರಿ ಬಣ್ಣದ ಚಿಟಿಕೆಗಳನ್ನು ತೂಗಿ ನೋಡಿದೆವು. ನನ್ನದು, ಅವನದು, ಅವನ ಮಗಳದು. ಒಬ್ಬರ ಚಿಟಿಕೆಗೂ ಇನ್ನೊಬ್ಬರ ಚಿಟಿಕೆಗೂ ತಾಳೆಯಿಲ್ಲ. ನನ್ನದೇ ಒಂದು ಚಿಟಿಕೆ ಇನ್ನೊಂದರ ದುಪ್ಪಟ್ಟಾಯಿತು. ಎಲ್ಲವೂ ಗುಲಗಂಜಿಯನ್ನು ಮೀರಿದವು. ಬೆರಳು ಒದ್ದೆಯಿದ್ದರೆ ಕೇಳುವುದೇ ಬೇಡ. ಪೊಟ್ಟಣದ ಪುಡಿಯಲ್ಲಿ ಎಲ್ಲವೂ ಬಣ್ಣವಲ್ಲ ನಿಜ. ಉಪ್ಪನ್ನೋ ಸಕ್ಕರೆಯ ಜಾತಿಯ ಪುಡಿಯನ್ನೋ ಬೆರೆಸಿರುತ್ತಾರೆ. ಆದರೆ ಯಾವ ಪೊಟ್ಟಣದಲ್ಲಿ ಎಷ್ಟು ಪಾಲು ಬಣ್ಣ ಎಂಬುದು ಚಿಟಿಕೆ ಹಾಕುವವರಿಗೆ ಗೊತ್ತಿರುವುದಿಲ್ಲ. ಹೊಸ ಕಂಪನಿಯ ಪುಡಿ ತಂದರೂ ಹಳೆಯ ಕೈ ಅಷ್ಟೇ ಎತ್ತುತ್ತದೆ. ಕಾನೂನು ಮಿಲಿಗ್ರಾಮಿನಲ್ಲಿ ಮಾತಾಡುತ್ತದೆ, ಅಡುಗೆಮನೆ ಬೆರಳಿನಲ್ಲಿ. ಅಪಾಯ ಹುಟ್ಟುವುದು ಈ ಎರಡರ ನಡುವಿನ ಸಂದಿಯಲ್ಲಿ ಎಂದು ಅವತ್ತು ನನಗೆ ಖಚಿತವಾಯಿತು.

ಮಗುವಿನ ಲೆಕ್ಕ ಹಾಕಿ ನೋಡಿ. ಒಬ್ಬರು ದಿನವೂ ಬದುಕಿಡೀ ತಿಂದರೂ ತೊಂದರೆಯಾಗದೆಂದು ತಜ್ಞರು ಒಪ್ಪಿದ ಪ್ರಮಾಣಕ್ಕೆ ದಿನದ ಮಿತಿ ಎನ್ನೋಣ. ಸನ್‌ಸೆಟ್ ಯೆಲ್ಲೊಗೆ ಅದು ದೇಹದ ತೂಕದ ಕಿಲೋ ಒಂದಕ್ಕೆ 4 ಮಿಲಿಗ್ರಾಂ. 15 ಕಿಲೋ ತೂಗುವ, ಅಂಗನವಾಡಿಗೆ ಹೋಗುವ ಮಗುವಿಗೆ ದಿನಕ್ಕೆ 60 ಮಿಲಿಗ್ರಾಂ, ಅಂದರೆ ಅರ್ಧ ಗುಲಗಂಜಿ. ಜಿಲೇಬಿ ಮಾಡಿದವನು ಕಾನೂನಿನ ಮಿತಿಯೊಳಗೇ ಇದ್ದರೆ ಆ ಮಗು 600 ಗ್ರಾಂ ತಿಂದರೆ ಮಾತ್ರ ಆ ಗೆರೆ ಮುಟ್ಟುತ್ತದೆ. ಅಷ್ಟು ತಿಂದರೆ ಬಣ್ಣಕ್ಕಿಂತ ಮೊದಲು ಸಕ್ಕರೆಯೇ ಮಗುವಿನ ಹೊಟ್ಟೆ ಕೆಡಿಸೀತು. ಆದರೆ ಕೈ ಜಾರಿ ಹತ್ತು ಪಟ್ಟು ಬಿದ್ದಿದ್ದರೆ? 60 ಗ್ರಾಂ ಸಾಕು, ಸಣ್ಣ ತಟ್ಟೆಯ ನಾಲ್ಕು ತುಂಡು. ಎರಿತ್ರೋಸಿನ್‌ಗಂತೂ ದಿನದ ಮಿತಿ ಕಿಲೋಗೆ 0.1 ಮಿಲಿಗ್ರಾಂ ಅಷ್ಟೆ. ಅದೇ ಮಗುವಿಗೆ ದಿನಕ್ಕೆ ಒಂದೂವರೆ ಮಿಲಿಗ್ರಾಂ. ಕೇಕಿನ ಮೇಲಿನ ಕೆಂಪು ಚೆರ್ರಿಗೆ ಬಹುಕಾಲದಿಂದ ಬಳಸುವ ಬಣ್ಣ ಅದು. ಗಂಡು ಇಲಿಗಳ ಥೈರಾಯ್ಡಿನಲ್ಲಿ ಗೆಡ್ಡೆ ಎಬ್ಬಿಸಿದ್ದಕ್ಕಾಗಿ ಅಮೆರಿಕ 1990ರಲ್ಲೇ ಅದನ್ನು ಸೌಂದರ್ಯ ಪ್ರಸಾಧನಗಳಿಂದ ತೆಗೆಯಿತು. ಆಹಾರದಿಂದ ತೆಗೆಯಲು 2025ರ ಜನವರಿಯವರೆಗೆ ಕಾಯಿತು. ತುಟಿಗೆ ಹಚ್ಚಬಾರದ್ದನ್ನು ಮೂವತ್ತೈದು ವರ್ಷ ಬಾಯಿಗೆ ಹಾಕಲು ಬಿಟ್ಟದ್ದು ಹೇಗೆ ಎಂಬ ಪ್ರಶ್ನೆಗೆ ನನಗೆ ಸಮಾಧಾನದ ಉತ್ತರ ಸಿಕ್ಕಿಲ್ಲ.

ಈ ಬಣ್ಣಗಳು ಹುಟ್ಟಿದ ಕತೆಗೂ ನಮ್ಮ ಕಾಡಿಗೂ ಒಂದು ದೂರದ ನಂಟಿದೆ. ಮಲೆನಾಡಿನಲ್ಲಿ ನಮ್ಮ ಅಜ್ಜಂದಿರ ಕಾಲಕ್ಕೆ ಮಲೇರಿಯಾ ಎಂದರೆ ಮನೆಮನೆಯ ಮಾತು. ಕ್ವಿನೈನ್ ಎಂದರೆ ದೇವರ ತೀರ್ಥ. 1856ರಲ್ಲಿ ಲಂಡನ್ನಿನ ವಿಲಿಯಂ ಹೆನ್ರಿ ಪರ್ಕಿನ್ ಎಂಬ ಹದಿನೆಂಟರ ಹುಡುಗ ಕಲ್ಲಿದ್ದಲ ಡಾಂಬರಿನಿಂದ ಆ ಕ್ವಿನೈನನ್ನೇ ತಯಾರಿಸಲು ಹೊರಟ. ಔಷಧ ಕೈಗೆ ಹತ್ತಲಿಲ್ಲ, ಸೀಸೆ ತೊಳೆಯುವಾಗ ನೇರಳೆ ಬಣ್ಣವೊಂದು ಕಣ್ಣಿಗೆ ಬಿತ್ತು. ಬಟ್ಟೆಗೆ ಹತ್ತುವ ಬಣ್ಣಗಳ ಸಂತತಿ ಅಲ್ಲಿಂದ ಬೆಳೆಯಿತು. ಬಟ್ಟೆಯ ಮಡಕೆಯಿಂದ ತಿನಿಸಿನ ಮಡಕೆಗೆ ಅವು ಜಿಗಿಯಲು ಬಹಳ ವರ್ಷ ಬೇಕಾಗಲಿಲ್ಲ. ಅದಕ್ಕೂ ಮೊದಲು ಅಲ್ಲಿನ ಮಿಠಾಯಿಗಳಿಗೆ ಸೀಸ, ತಾಮ್ರದ ಲವಣಗಳನ್ನು ಹಾಕುತ್ತಿದ್ದರು. ಆ ಲೆಕ್ಕದಲ್ಲಿ ಡಾಂಬರಿನ ಬಣ್ಣ ಸುಧಾರಣೆಯೇ.

ಅಜ್ಜಂಪುರದವರಿಗೆ ಈ ಚರಿತ್ರೆಯ ಇನ್ನೊಂದು ತುಣುಕು ಹತ್ತಿರದ್ದು. ಅಲ್ಲಿನ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದ ಬೇರು ಮೈಸೂರಿನ ಚಿಕ್ಕದೇವರಾಜ ಒಡೆಯರು ಕಟ್ಟಿದ ಬೆಣ್ಣೆ ಚಾವಡಿಯಲ್ಲಿದೆ. ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನ ಕಾಲದಲ್ಲಿ. ಹಸಿರು ಹುಲ್ಲು ಮೇಯ್ದ ಹಸುವಿನ ಬೆಣ್ಣೆ ಹಳದಿ, ಎಮ್ಮೆಯದು ಬಿಳಿ. ಹುಲ್ಲಿನಲ್ಲಿರುವ ಕ್ಯಾರೊಟಿನ್ ಹಸುವಿನ ಕೊಬ್ಬಿಗೆ ಇಳಿದು ಬರುತ್ತದೆ. ಕಾವಲಿನ ಹುಲ್ಲು ಒಣಗುವ ಬೇಸಿಗೆಯಲ್ಲಿ ಹಸುವಿನ ಬೆಣ್ಣೆಯೂ ಬಿಳುಚಿಕೊಳ್ಳುತ್ತದೆ, ಇದನ್ನು ಅಲ್ಲಿನ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ. ಯುರೋಪಿನಲ್ಲಿ ಚಳಿಗಾಲದ ಬೆಣ್ಣೆ ಹಾಗೆಯೇ ಬಿಳುಚುತ್ತಿತ್ತು. ಬಿಳಿ ಬೆಣ್ಣೆಯನ್ನು ಕೊಳ್ಳುವವರಿಲ್ಲದೆ ಗಜ್ಜರಿಯ ರಸ, ಅನ್ನಾಟೊ ಬೀಜದ ಕೆಂಪು ಬೆರೆಸಿದರು. ಆಮೇಲೆ ಸುಲಭದ ದಾರಿಯೆಂದು ಡಾಂಬರಿನಿಂದ ಬಂದ ಒಂದು ಬಣ್ಣವನ್ನು ಹಿಡಿದರು. ಅದಕ್ಕೆ ಹೆಸರೇ 'ಬಟರ್ ಯೆಲ್ಲೊ'. 1930ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು ಇಲಿಗಳಿಗೆ ತಿನ್ನಿಸಿದಾಗ ಯಕೃತ್ತಿನಲ್ಲಿ ಕ್ಯಾನ್ಸರ್ ಎದ್ದಿತು. ಬೆಣ್ಣೆಯ ಹೆಸರು ಹೊತ್ತ ಬಣ್ಣ ಪ್ರಯೋಗಶಾಲೆಗಳಲ್ಲಿ ಕ್ಯಾನ್ಸರ್ ಎಬ್ಬಿಸುವ ಸಾಧನವಾಗಿ ಉಳಿಯಿತು.

ಬಟರ್ ಯೆಲ್ಲೊ ಹೀಗೆ ಮಾಡಿದ್ದೇಕೆ, ಸನ್‌ಸೆಟ್ ಯೆಲ್ಲೊ ಹಾಗೆ ಮಾಡದ್ದೇಕೆ? ಎರಡೂ ಒಂದೇ ಕುಲದವು. ಎರಡು ಸಾರಜನಕ ಪರಮಾಣುಗಳು ಕೈ ಹಿಡಿದು ನಿಂತ ಸೇತುವೆ ಎರಡರಲ್ಲೂ ಇದೆ, ಇಂಥವನ್ನು ಅಜೋ ಬಣ್ಣ ಎನ್ನುತ್ತಾರೆ. ವ್ಯತ್ಯಾಸವಿರುವುದು ನೀರು ಮತ್ತು ಎಣ್ಣೆಯಲ್ಲಿ. ಬಟರ್ ಯೆಲ್ಲೊ ಕೊಬ್ಬಿನಲ್ಲಿ ಕರಗುತ್ತದೆ, ಕರುಳಿನ ಗೋಡೆ ದಾಟಿ ಯಕೃತ್ತಿಗೆ ನುಗ್ಗುತ್ತದೆ. ಅಲ್ಲಿ ಮಾರ್ಪಟ್ಟು ಜೀವಕೋಶದ ವಂಶವಾಹಿಗೇ ಅಂಟುತ್ತದೆ. ಒಪ್ಪಿಗೆ ಪಡೆದ ಅಜೋ ಬಣ್ಣಗಳಿಗೆ ರಸಾಯನಶಾಸ್ತ್ರಜ್ಞರು ಗಂಧಕದ ಒಂದು ಬಾಲ ಕಟ್ಟಿದ್ದಾರೆ. ಆ ಬಾಲದಿಂದಾಗಿ ಅವು ನೀರಿನಲ್ಲಿ ಕರಗುತ್ತವೆ, ಕರುಳನ್ನು ದಾಟುವುದು ಕಡಿಮೆ, ದಾಟಿದ್ದೂ ಮೂತ್ರದಲ್ಲಿ ಹೊರಟುಹೋಗುತ್ತದೆ. ಮಕ್ಕಳಿಗೆ ಪಾಠ ಹೇಳುವಾಗ ನಾನು ಇದನ್ನು ಕೆಸುವಿನೆಲೆಯ ಮೇಲಿನ ನೀರಿಗೂ ಬಟ್ಟೆಗೆ ಬಿದ್ದ ಎಣ್ಣೆಗೂ ಹೋಲಿಸುತ್ತಿದ್ದೆ. ಒಂದು ಜಾರಿ ಹೋಗುತ್ತದೆ, ಇನ್ನೊಂದು ಇಳಿದು ನಿಲ್ಲುತ್ತದೆ.

ಖಾರದಪುಡಿಗೆ ಬೆರೆಸುವ ಸುಡಾನ್ ಬಣ್ಣಗಳು ಎಣ್ಣೆಯ ಜಾತಿಯವು. 2005ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ನಾನೂರಕ್ಕೂ ಹೆಚ್ಚು ಬಗೆಯ ತಿನಿಸುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಅವುಗಳಲ್ಲಿ ಹಾಕಿದ್ದ ಒಂದು ಸಾಸ್, ಆ ಸಾಸಿನೊಳಗೆ ಹೋಗಿದ್ದ ಮೆಣಸಿನ ಪುಡಿ, ಆ ಪುಡಿಯಲ್ಲಿ ಸುಡಾನ್. ಪುಡಿ ಹೋದದ್ದು ಭಾರತದಿಂದ. ನನಗೆ ಆ ಸುದ್ದಿ ಓದಿ ಸಂಕಟವಾದದ್ದು ಬೇರೆ ಕಾರಣಕ್ಕೆ. ಖಾರ ಕಡಿಮೆ ಕೊಟ್ಟು ಬಣ್ಣವನ್ನು ಧಾರಾಳ ಕೊಡುವ ಮೆಣಸಿನಕಾಯಿ ಜಗತ್ತಿನಲ್ಲಿ ಎಲ್ಲಿದೆ ಎಂದರೆ ಬ್ಯಾಡಗಿಯಲ್ಲಿದೆ. ಅದರ ರಂಗನ್ನು ಹಿಂಡಿ ಹೊರದೇಶಗಳಿಗೆ ಕಳಿಸುವ ಉದ್ಯಮವೇ ನಮ್ಮಲ್ಲಿದೆ. ಅಂಥ ನಾಡಿನ ಬೀದಿಯಲ್ಲಿ ಕೆಂಪಿಗಾಗಿ ಪೊಟ್ಟಣ ಹರಿಯುತ್ತೇವೆ.

ನಿಜವಾದ ಭಯ ಇರುವುದು ಪಟ್ಟಿಯ ಹೊರಗಿನ ಬಣ್ಣಗಳಲ್ಲಿ. ಬೇಳೆ, ಕಡಲೆಹಿಟ್ಟು, ಲಾಡುಗಳಿಗೆ ಮೆಟನಿಲ್ ಯೆಲ್ಲೊ. ನೆನೆಸಿದ ಬಟಾಣಿಗೆ ಮ್ಯಾಲಕೈಟ್ ಗ್ರೀನ್. ಜಾತ್ರೆಯ ಬೊಂಬಾಯಿ ಮಿಠಾಯಿಗೆ ರೋಡಮಿನ್-ಬಿ. ಇವೆಲ್ಲ ಬಟ್ಟೆ, ಕಾಗದ, ಚರ್ಮಕ್ಕೆ ಹಾಕಲು ಹುಟ್ಟಿದವು. ಯಾವ ಕಾರ್ಖಾನೆಯೂ ಅವನ್ನು ತಿನ್ನಲು ತಕ್ಕಷ್ಟು ಶುದ್ಧಮಾಡುವುದಿಲ್ಲ. ಅರಿಸಿನಕ್ಕೆ ಹಾಕುವ ಸೀಸದ ಕ್ರೋಮೇಟ್ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಸೀಸ ಮಕ್ಕಳ ಮಿದುಳನ್ನು ಸದ್ದಿಲ್ಲದೆ ಕುಗ್ಗಿಸುತ್ತದೆ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಅರಿಸಿನದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಅದು ಸಿಕ್ಕಿತ್ತು. ಸರ್ಕಾರ ಪತ್ರಿಕೆಗಳಲ್ಲಿ ಎಚ್ಚರಿಸಿ, ಮಾರುಕಟ್ಟೆಗಳಲ್ಲಿ ಸ್ಥಳದಲ್ಲೇ ಪರೀಕ್ಷೆ ಮಾಡಿ, ದಂಡ ಹಾಕಿತು. 2021ರ ಹೊತ್ತಿಗೆ ಆ ಸಂಖ್ಯೆ ಸೊನ್ನೆಗೆ ಇಳಿಯಿತು. ಎರಡು ವರ್ಷದಲ್ಲಿ ಸೊನ್ನೆ! ನಮ್ಮಲ್ಲಿ ಆಗದು ಎನ್ನುವವರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತಿರುತ್ತೇನೆ.

ಒಪ್ಪಿದ ಬಣ್ಣಗಳೂ ಎಲ್ಲರಿಗೂ ಒಗ್ಗುವುದಿಲ್ಲ. ಟಾರ್ಟ್ರಜೈನ್ ಕೆಲವರಿಗೆ ಪಿತ್ತದ ಗಂಧೆ ಎಬ್ಬಿಸುತ್ತದೆ, ಉಬ್ಬಸವಿದ್ದವರಿಗೆ ಕೆಲವೊಮ್ಮೆ ಉಸಿರು ಕಟ್ಟಿಸುತ್ತದೆ. ಅಂಥವರು ಕಡಿಮೆ, ಆದರೆ ಇದ್ದಾರೆ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಮೂರು ವರ್ಷದ ಮತ್ತು ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಬಣ್ಣಗಳ ಮಿಶ್ರಣವನ್ನೂ ಸೋಡಿಯಂ ಬೆಂಜೊಯೇಟನ್ನೂ ಸೇರಿಸಿದ ಹಣ್ಣಿನ ರಸ ಕುಡಿಸಿ, ಬಣ್ಣವಿಲ್ಲದ ರಸ ಕುಡಿದವರೊಂದಿಗೆ ಹೋಲಿಸಿದರು. ಬಣ್ಣ ಕುಡಿದಾಗ ಚಂಚಲತೆ ತುಸು ಹೆಚ್ಚಿತು. ಎಲ್ಲ ಮಕ್ಕಳಲ್ಲಿ ಅಲ್ಲ, ಸಮನಾಗಿಯೂ ಅಲ್ಲ. ಆದರೂ ಯುರೋಪಿನ ಒಕ್ಕೂಟ 2010ರ ಜುಲೈನಿಂದ ಆರು ಬಣ್ಣಗಳಿರುವ ತಿನಿಸಿನ ಮೇಲೆ, ಮಕ್ಕಳ ಚಟುವಟಿಕೆ ಹಾಗೂ ಗಮನದ ಮೇಲೆ ಕೆಟ್ಟ ಪರಿಣಾಮ ಆಗಬಹುದೆಂದು ಅಚ್ಚು ಹಾಕಲೇಬೇಕೆಂದಿತು. ಬಹಳಷ್ಟು ಕಂಪನಿಗಳು ಎಚ್ಚರಿಕೆ ಮುದ್ರಿಸುವ ಬದಲು ಬಣ್ಣವನ್ನೇ ಬದಲಿಸಿಕೊಂಡವು. ಪುರಾವೆ ಪೂರ್ತಿ ಗಟ್ಟಿಯಲ್ಲ ಎಂಬ ವಾದ ನನಗೆ ಗೊತ್ತು. ಆದರೆ ಇದು ಔಷಧವಲ್ಲ, ಅನ್ನವಲ್ಲ, ಬಣ್ಣ. ತೆಗೆದರೆ ಯಾರೂ ಉಪವಾಸ ಬೀಳುವುದಿಲ್ಲ. ಅನುಮಾನದ ಲಾಭ ಮಗುವಿಗೆ ಸಲ್ಲಲಿ.

ಶಾಲೆಯಲ್ಲಿದ್ದಾಗ ಮಕ್ಕಳಿಂದ ಒಂದು ಪ್ರಯೋಗ ಮಾಡಿಸುತ್ತಿದ್ದೆ. ಕಡೂರು ಕಡೆ ಕುರಿಗೇನು ಬರವಿಲ್ಲ, ಬಿಳಿ ಉಣ್ಣೆಯ ನೂಲು ಯಾರ ಮನೆಯಿಂದಲಾದರೂ ಬರುತ್ತಿತ್ತು. ಬಣ್ಣದ ತಿನಿಸನ್ನು ನೀರಿನಲ್ಲಿ ಕದಡಿ ಸೋಸಿ, ಆ ನೀರಿಗೆ ಸ್ವಲ್ಪ ವಿನಿಗರ್ ಬೆರೆಸಿ, ಉಣ್ಣೆಯ ತುಂಡು ಹಾಕಿ ಹತ್ತು ನಿಮಿಷ ಕುದಿಸಬೇಕು. ತೆಗೆದು ನಲ್ಲಿಯ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಬೀಟ್‌ರೂಟಿನ ಕೆಂಪು ತೊಳೆದು ಹೋಗುತ್ತದೆ. ಸಂಶ್ಲೇಷಿತ ಬಣ್ಣ ಉಣ್ಣೆಯನ್ನು ಬಿಡುವುದಿಲ್ಲ, ಏಕೆಂದರೆ ಅದರ ಪೂರ್ವಿಕರು ಹುಟ್ಟಿದ್ದೇ ಉಣ್ಣೆ ರೇಷ್ಮೆಗಳಿಗಾಗಿ. ಪ್ರಯೋಗಶಾಲೆಗಳೂ ಹಿಂದಿನಿಂದ ಈ ಉಣ್ಣೆಯ ದಾರಿಯನ್ನೇ ಹಿಡಿದು, ಆಮೇಲೆ ಕಾಗದದ ಮೇಲೆ ಬಣ್ಣಗಳನ್ನು ಬೇರ್ಪಡಿಸಿ ಯಾವುದು ಯಾವುದೆಂದು ಗುರುತಿಸುತ್ತವೆ. ಅರಿಸಿನವೊಂದು ಮಾತ್ರ ದಾರಿ ತಪ್ಪಿಸುತ್ತದೆ, ಅದೂ ಉಣ್ಣೆಗೆ ಹತ್ತುತ್ತದೆ. ಅದಕ್ಕೆ ಮದ್ದು ನಮ್ಮ ಆರತಿ ತಟ್ಟೆಯಲ್ಲೇ ಇದೆ. ಅರಿಸಿನಕ್ಕೆ ಸುಣ್ಣ ಬಿದ್ದರೆ ಓಕುಳಿ. ಹಳದಿಯಾದ ಉಣ್ಣೆಗೆ ಸುಣ್ಣದ ತಿಳಿನೀರು ಮುಟ್ಟಿಸಿ, ಕೆಂಪಾದರೆ ಅದು ಅರಿಸಿನ. ಮೆಟನಿಲ್ ಯೆಲ್ಲೊ ಇದಕ್ಕೆ ತದ್ವಿರುದ್ಧ, ಆಮ್ಲ ಬಿದ್ದಾಗ ಅದು ಕಡುಗುಲಾಬಿಯಾಗುತ್ತದೆ, ನೀರು ಬೆರೆಸಿದರೂ ಆ ರಂಗು ಉಳಿಯುತ್ತದೆ. ಆಮ್ಲದ ಪರೀಕ್ಷೆ ಮಾತ್ರ ಮನೆಯಲ್ಲಿ ಬೇಡ. ಉಣ್ಣೆಯ ಪರೀಕ್ಷೆ ಒಪ್ಪಿದ ಬಣ್ಣವೋ ಅಲ್ಲವೋ ಎಂದು ಹೇಳದು, ಎಷ್ಟಿದೆ ಎಂದೂ ಹೇಳದು. ಬಣ್ಣ ಇದೆ ಎಂದಷ್ಟೇ ಹೇಳುತ್ತದೆ. ಗೋಬಿಯ ಮಟ್ಟಿಗೆ ಅಷ್ಟು ಸಾಕು, ಅಲ್ಲಿ ಯಾವುದೂ ಇರಬಾರದು.

ಒಂದು ವರ್ಷ ಮಕ್ಕಳು ಜಾತ್ರೆಯಿಂದ ತಂದ ತಿನಿಸುಗಳಿಗೆಲ್ಲ ಉಣ್ಣೆ ಕುದಿಸಿ, ಬಣ್ಣ ಹಿಡಿದ ತುಂಡುಗಳನ್ನು ತರಗತಿಯ ಕಿಟಕಿಗೆ ದಾರ ಕಟ್ಟಿ ತೂಗುಹಾಕಿದ್ದರು. ಬೆರಳಿಗೆ ಸಿಕ್ಕಿಸಿಕೊಂಡು ತಿನ್ನುವ ಹ‌ಳದಿ ಬೋಟಿ, ಕೆಂಪು ಬೂಂದಿಕಾಳು, ಹಸಿರು ಬಟಾಣಿ, ಗುಲಾಬಿ ಬಣ್ಣದ ಸಕ್ಕರೆ ಅಚ್ಚು. ಒಬ್ಬ ಹುಡುಗಿ ಮನೆಯ ಕೇಸರಿಬಾತ್ ತಂದಿದ್ದಳು. ಅದರ ಉಣ್ಣೆ ಎಲ್ಲಕ್ಕಿಂತ ಗಾಢವಾಗಿತ್ತು. ಅವಳು ತಲೆ ಎತ್ತಲಿಲ್ಲ. ಅವಳನ್ನು ಸಮಾಧಾನ ಮಾಡಲು ನಮ್ಮ ಮನೆಯ ಕೇಸರಿಬಾತಿನಲ್ಲೂ ಅದೇ ಡಬ್ಬಿಯ ಪುಡಿ ಎಂದೆ, ಅದು ಸತ್ಯವೂ ಆಗಿತ್ತು. ಕೇಸರಿಯ ಎಸಳು ಕೊಳ್ಳುವ ಶಕ್ತಿ ನಮ್ಮಲ್ಲಿ ಯಾರಿಗಿದೆ? ಕೇಸರಿ ಹೋಗಿ ಕೇಸರಿ ಬಣ್ಣ ಬಂದು ಎಷ್ಟು ಕಾಲವಾಯಿತೋ. ಅಂದು ಸಂಜೆ ಮನೆಗೆ ಬಂದು ಡಬ್ಬಿಯನ್ನು ತೆಗೆದಿಟ್ಟೆವು. ಬಿಳಿ ರವೆಯ ಸಿಹಿಗೆ ಮನೆಯವರು ಸಜ್ಜಿಗೆ ಎಂದು ಹಳೆಯ ಹೆಸರನ್ನೇ ಕೊಟ್ಟರು, ಮೊಮ್ಮಕ್ಕಳು ಅದನ್ನೇ ಕೇಳಿ ಹಾಕಿಸಿಕೊಳ್ಳುತ್ತಾರೆ.

ಬೆಲ್ಲದ ವಿಷಯದಲ್ಲೂ ಕಣ್ಣೇ ಮೋಸ ಮಾಡುತ್ತಿದೆ. ಚಿನ್ನದಂತೆ ಹೊಳೆಯುವ ಅಚ್ಚು ಬೇಕೆಂದು ಎಲ್ಲರೂ ಕೇಳುತ್ತಾರೆ. ಆಲೆಮನೆಯವರು ಅದಕ್ಕಾಗಿ ಹೈಡ್ರೋಸ್ ಎಂಬ ಬಿಳುಪುಕಾರಕ ಸುರಿಯುತ್ತಾರೆ, ಕೆಲವೆಡೆ ಬಣ್ಣವನ್ನೂ. ಕಬ್ಬಿನ ಹಾಲು ಕುದಿದು ಬೆಲ್ಲವಾದರೆ ಅದು ಕಂದೇ ಆಗಬೇಕು. ನಮ್ಮ ಕಡೆ ಅಂತರಘಟ್ಟೆಯ ಅಮ್ಮನ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಎತ್ತಿನ ಗಾಡಿ ಕಟ್ಟಿಕೊಂಡು ಪಾನಕ ಹೊತ್ತು ಬರುವುದನ್ನು ನೀವು ನೋಡಿರಬಹುದು. ಆ ಪಾನಕಕ್ಕೆ ಮಣ್ಣಿನ ಬಣ್ಣ. ಅದನ್ನು ಬಣ್ಣ ನೋಡಿ ಬೇಡವೆಂದವರು ಯಾರಿದ್ದಾರೆ?

ಈಗ ಕಾನೂನಿನ ಕೈ ಎಷ್ಟು ಉದ್ದ ಎಂಬ ಮಾತು. ನಿಷೇಧ ಪ್ರಕಟವಾದಾಗ "ಏಳು ವರ್ಷ ಜೈಲು, ಹತ್ತು ಲಕ್ಷ ದಂಡ" ಎಂದು ಎಲ್ಲೆಡೆ ಸುದ್ದಿಯಾಯಿತು. ಗಾಡಿಯವರು ಹೆದರಿದರು. ಕಾಯ್ದೆಯ 59ನೇ ಕಲಂ ಓದಿದರೆ ಗೊತ್ತಾಗುತ್ತದೆ, ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಶಿಕ್ಷೆ ಇರುವುದು ಆ ಆಹಾರದಿಂದ ಸಾವು ಸಂಭವಿಸಿದಾಗ. ಉಳಿದ ಸಂದರ್ಭಗಳಿಗೆ ಶಿಕ್ಷೆ ಅದಕ್ಕಿಂತ ಕಡಿಮೆ. ಹೆದರಿಕೆ ಎರಡು ತಿಂಗಳಲ್ಲಿ ಇಳಿಯುತ್ತದೆ. ಇಳಿಯದೆ ಉಳಿಯಬೇಕಾದದ್ದು ತಪಾಸಣೆ. ಆಹಾರ ಸುರಕ್ಷತಾ ಅಧಿಕಾರಿ ಮಾದರಿ ತೆಗೆದರೆ ಅದನ್ನು ನಾಲ್ಕು ಪಾಲು ಮಾಡಿ ಮೊಹರು ಹಾಕಬೇಕು, ಒಂದು ಪಾಲು ವಿಶ್ಲೇಷಕರಿಗೆ ಹೋಗಬೇಕು, ಅವರು 14 ದಿನದಲ್ಲಿ ವರದಿ ಕೊಡಬೇಕು. ನಮ್ಮ ತರೀಕೆರೆ, ಕಡೂರು, ಅಜ್ಜಂಪುರ ತಾಲ್ಲೂಕುಗಳ ಸಂತೆ, ಜಾತ್ರೆ, ರಸ್ತೆಬದಿಗಳನ್ನು ನೆನೆಸಿಕೊಂಡರೆ ಇದು ಎಷ್ಟು ಜನರ ಕೆಲಸ ಎಂದು ಯಾರಿಗಾದರೂ ಹೊಳೆಯುತ್ತದೆ. ಆದರೆ ಅದೇ ಕಾಯ್ದೆಯ 40ನೇ ಕಲಂ ಬಗ್ಗೆ ಯಾರೂ ಮಾತಾಡುವುದಿಲ್ಲ. ಕೊಂಡ ತಿನಿಸನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಕೊಂಡವರಿಗೇ ಇದೆ. ಕೊಳ್ಳುವಾಗಲೇ ಮಾರುವವರಿಗೆ ಹಾಗೆಂದು ತಿಳಿಸಬೇಕು, ಅಷ್ಟೆ. ಸ್ತ್ರೀಶಕ್ತಿ ಸಂಘಗಳು, ಶಾಲೆಯ ಎಸ್‌ಡಿಎಂಸಿಗಳು ವರ್ಷಕ್ಕೊಂದು ಸಲ ಈ ಹಕ್ಕನ್ನು ಬಳಸಿದರೂ ಸಾಕು, ಸುದ್ದಿ ತಾನಾಗಿ ಗಾಡಿಯಿಂದ ಗಾಡಿಗೆ ಹೋಗುತ್ತದೆ.

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯ ಗಾಡಿಯ ಬಳಿ ನಿಂತಿದ್ದೆ. ನಿಷೇಧ ಬಂದ ಮೇಲೆ ಅವನು ಪೊಟ್ಟಣ ಬಿಟ್ಟಿದ್ದಾನೆ. ಬ್ಯಾಡಗಿ ಮೆಣಸಿನಕಾಯಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹೆಂಡತಿ ರುಬ್ಬಿ ಕೊಡುತ್ತಾಳಂತೆ. ಅವನ ಗೋಬಿ ಈಗ ಇಟ್ಟಿಗೆಯ ಬಣ್ಣ. ರುಚಿ ಮೊದಲಿಗಿಂತ ಚೆನ್ನಾಗಿದೆ ಎಂದೆ. ಅವನು ನಗಲಿಲ್ಲ. ನಾಲ್ಕು ಗಾಡಿ ಆಚೆ ತೋರಿಸಿದ. ಅಲ್ಲಿ ಗುಡ್ಡೆ ಮೊದಲಿನಂತೆಯೇ ಹೊಳೆಯುತ್ತಿತ್ತು, ಸುತ್ತ ಕಾಲೇಜು ಹುಡುಗರು ಮುತ್ತಿಕೊಂಡಿದ್ದರು. "ನನಗೊಬ್ಬನಿಗೇ ಪಾಠ ಹೇಳಿದ್ರೆ ಹೇಗೆ ಮೇಷ್ಟ್ರೇ? ಅಲ್ಲೂ ಒಂದ್ಸಲ ಹೋಗಿ ಹೇಳಿ" ಅಂದ.

ಹೋದೆ. ಹುಡುಗರ ನಡುವೆ ದಾರಿ ಮಾಡಿಕೊಂಡು, "ಬಣ್ಣ ಹಾಕದೆ ಒಂದು ಪ್ಲೇಟ್ ಮಾಡಿಕೊಡಪ್ಪಾ" ಎಂದೆ. ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದೆ. ಗಾಡಿಯವನು ನನ್ನ ಮುಖ ನೋಡಿದ, ಕಲಸಿದ ಹಿಟ್ಟಿನ ಪಾತ್ರೆ ನೋಡಿದ. "ಇವತ್ತು ಆಗಲ್ಲ, ಎಲ್ಲಾ ಒಟ್ಟಿಗೇ ಕಲಸಿಬಿಟ್ಟಿದೀನಿ. ನಾಳೆ ಬನ್ನಿ ಸಾರ್, ಬೇರೆ ಕಲಸಿಟ್ಟಿರ್ತೀನಿ" ಅಂದ. ನಾಳೆ ಆರು ಗಂಟೆಗೆ ಬರುತ್ತೇನೆ ಎಂದು ಹೇಳಿ ಬಂದೆ.